ಆ ಕ್ರಿಯಾಪದ ಕರಜಗಿಯಲ್ಲಿತ್ತು

ಇಂಗ್ಲಿಷಿನ 'ಪೆಸ್ಟರ್' ಎಂಬ ಕ್ರಿಯಾಪದದ ಅರ್ಥವೇನು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮೊದಲು ಅರ್ಥ ಹೇಳುವುದಿಲ್ಲ, ವಿಳಾಸ ಹೇಳುತ್ತೇನೆ. ಅದು ಅಕ್ಕಲಕೋಟ ತಾಲೂಕಿನ ಕರಜಗಿಯಲ್ಲಿ, ಕುರಿಗಾರರ ಒಂದು ಮನೆಯಲ್ಲಿದೆ. ಕೇಳಿದವರು ನಗುತ್ತಾರೆ. ನಗಲಿ. ಆ ವಿಳಾಸವನ್ನು ನಮಗೆ ಕಲಿಸಿದವರು ಮೊನ್ನೆ ಸೋಲಾಪುರದಲ್ಲಿ ತೀರಿಕೊಂಡರು. ಸುದ್ದಿ ತಿಳಿಸಿದವಳು ಮಾಳವ್ವ. ಅಂದಿನಿಂದ ಕೂತಲ್ಲಿ ನಿಂತಲ್ಲಿ ಅವರದೇ ನೆನಪು.

ಆಕೆಯ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಆಕೆಯನ್ನು ಹೆಸರಿನಿಂದ ಕರೆದವರಲ್ಲ. ನಮ್ಮದು ಅಕ್ಕಲಕೋಟದ ಮರಾಠಿ ಹೈಸ್ಕೂಲು. ಅಂಥ ಶಾಲೆಗಳಲ್ಲಿ ಶಿಕ್ಷಕಿಯನ್ನು 'ಬಾಯಿ' ಎನ್ನುತ್ತಾರೆ. ಅರ್ಧ ತರಗತಿಯ ಮಕ್ಕಳಿಗೆ ಮನೆಮಾತು ಕನ್ನಡ. ನಮಗೆ ಬಾಯಿ ಎಂದರೆ ಬಾಯಿ. ಹೊಸದಾಗಿ ಬಂದ ಹಳ್ಳಿಯ ಮಕ್ಕಳು ಮೊದಲ ವಾರ ಮುಸಿಮುಸಿ ನಗುತ್ತಿದ್ದವು. ಆಮೇಲೆ ಆಕೆಯ ಎದುರು ಕೂತ ಮೇಲೆ ನಗು ತಾನೇ ನಿಲ್ಲುತ್ತಿತ್ತು.

ನಾನು ದಿನಚರಿ ಬರೆಯುವವಳು. ಆದರೆ ಆ ಅಭ್ಯಾಸ ಶುರುವಾದದ್ದು ಧಾರವಾಡಕ್ಕೆ ಓದಲು ಹೋದ ಮೇಲೆ. ಬಾಯಿಯವರ ಕಾಲಕ್ಕೆ ನನ್ನ ಬಳಿ ನೆನಪೊಂದೇ ಆಧಾರ, ಅದರ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ನನಗೆ ಇಷ್ಟವಾದ ಮಾತನ್ನು ಅದು ಬೇರೆಯವರ ನಾಲಗೆಯ ಮೇಲೆ ಇಟ್ಟುಬಿಡುತ್ತದೆ. ಆದ್ದರಿಂದ ಕಂಡದ್ದನ್ನು ಕಂಡೆನೆಂದು, ಕೇಳಿದ್ದನ್ನು ಕೇಳಿದೆನೆಂದು ಬೇರೆ ಬೇರೆ ಹೇಳುತ್ತ ಹೋಗುತ್ತೇನೆ.

ಕಂಡದ್ದು ಇಷ್ಟು: ಕುಳ್ಳಗಿನ ಗಟ್ಟಿ ಮೈ. ಸೋಲಾಪುರದ ಮಗ್ಗದ ದಪ್ಪ ಸೀರೆ. ಕೈಯಲ್ಲಿ ಗಂಡಸರ ಕರಿ ಛತ್ರಿ, ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲದೆ. ಅಣ್ಣಂದಿರದು ಸೋಲಾಪುರದಲ್ಲಿ ಅರಿವೆ ಅಂಗಡಿ. ಆಕೆ ಯಾಕೆ ಮದುವೆಯಾಗಲಿಲ್ಲ ಎಂಬುದಕ್ಕೆ ಊರಲ್ಲಿ ಹಲವು ಕಥೆಗಳಿದ್ದವು. ಒಂದಕ್ಕೊಂದು ಹೊಂದದ ಅವನ್ನೆಲ್ಲ ನಾನು ಒಟ್ಟಿಗೇ ನಂಬಿದ್ದೆ. ದಿನಾ ಬೆಳಿಗ್ಗೆ ಸೋಲಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಬರುವರು, ಸಂಜೆ ಮರಳುವರು. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಸಿಟ್ಟು ಬಂದರೆ ಖಡು, ಅಂದರೆ ಸೀಮೆಸುಣ್ಣ, ಎಸೆಯುತ್ತಿದ್ದರು, ಗುರಿ ಚೆನ್ನಾಗಿತ್ತು. ತಮ್ಮ ಇಂಗ್ಲಿಷ್ ಉಚ್ಚಾರದ ಬಗ್ಗೆ ಅವರಿಗೆ ಹೆಮ್ಮೆ, ನಮ್ಮ ಉಚ್ಚಾರದ ಬಗ್ಗೆ ಮರುಕ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಆಕೆಯನ್ನು ಮೆತ್ತಗೆ ಮಾಡಿಟ್ಟಂತಾಗುತ್ತದೆ.

ಆಕೆ ಕಲಿಸುವ ರೀತಿಯೇ ಬೇರೆ. ಪಾಠದಲ್ಲಿ ಹೊಸ ಇಂಗ್ಲಿಷ್ ಶಬ್ದ ಬಂತೆಂದರೆ ಅದಕ್ಕೆ ಮರಾಠಿ ಶಬ್ದ ಹೇಳುತ್ತಿರಲಿಲ್ಲ, ಕನ್ನಡ ಶಬ್ದವನ್ನೂ ಹೇಳುತ್ತಿರಲಿಲ್ಲ.

"ಶಬ್ದಕ್ಕ ಶಬ್ದ ಕೊಡಬ್ಯಾಡ್ರಿ. ಇದು ಯಾರ ಮನ್ಯಾಗ ಅದ, ಮನಿ ತೋರಿಸ್ರಿ," ಎನ್ನುವರು.

ನಾವು ನಮ್ಮ ಓಣಿ, ಊರು, ನೆಂಟರನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದು ಆ ಶಬ್ದ ವಾಸವಾಗಿರುವ ಮನೆಯನ್ನು ಹುಡುಕಬೇಕು. ಸರಿಯಾದ ಮನೆ ಸಿಕ್ಕರೆ ಆ ಶಬ್ದ ಹುಡುಕಿದವರ ಪಾಲು. ಹೀಗೆ 'ಲಿಂಗರ್' ಕುಂಭಾರಿಯ ಬಸ್‌ಸ್ಟ್ಯಾಂಡಿನಲ್ಲಿತ್ತು: ಮಗಳನ್ನು ಬಸ್ಸು ಹತ್ತಿಸಲು ಬಂದ ಮುದುಕನೊಬ್ಬ, ಮಾತು ಮುಗಿದರೂ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೇ ಇಟ್ಟು ನಿಂತಿರುತ್ತಿದ್ದ, ಕಂಡಕ್ಟರ್ ಗಂಟೆಯ ಹಗ್ಗ ಹಿಡಿದು ಕಾಯುತ್ತಿದ್ದ. 'ಗ್ರಂಬಲ್' ಹಿಟ್ಟಿನ ಗಿರಣಿಯ ಮಾಲಕರ ಮನೆಯಲ್ಲಿತ್ತು.

ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ 'ಗ್ರಂಬಲ್' ಎಂದರೇನು ಎಂದು ಕೇಳಿದರು. ಹುಡುಗ ಕೈಕಟ್ಟಿ ನಿಂತು, "ಗಿರಣಿ ಮಾವಾರ ಮನ್ಯಾಗ ಐತ್ರಿ ಸಾಹೇಬ್ರ," ಎಂದ.

"ಕಾಯ್?" ಎಂದರು ಸಾಹೇಬರು, ಏನು ಎಂದು ಮರಾಠಿಯಲ್ಲಿ.

ಹೆಡ್‌ಮಾಸ್ತರರ ಮುಖ ಬಿಳಿಚಿತು. ಬಾಯಿಯವರು ಮಾತ್ರ ಅಲುಗಲಿಲ್ಲ. "ಬರೋಬ್ಬರಿ ಹೇಳ್ಯಾನ ಸಾಹೇಬ್ರ. ಗಿರಣಿ ಹತ್ರಾನ ಅದ. ಬೇಕಂದ್ರ ಹೋಗಿ ಕೇಳಿ ಬರೋಣ, ಈಗ ಮಾತಾಡ್ಲಿಕತ್ತಿರ್ತಾರ ಅವ್ರು," ಎಂದರು. ಸಾಹೇಬರು ಏನು ಬರೆದುಕೊಂಡರೋ ತಿಳಿಯದು. ನಮಗೆ ಮಾತ್ರ ಅಂದು ಯುದ್ಧ ಗೆದ್ದಷ್ಟು ಹಿಗ್ಗು.

ಹನ್ನೊಂದನೇ ಇಯತ್ತೆ, ಅಂದರೆ ಮ್ಯಾಟ್ರಿಕ್ ವರ್ಷ, 'ಪೆಸ್ಟರ್' ಬಂತು. ಪಾಠದಲ್ಲಿ ಒಬ್ಬ ಹುಡುಗ ತನ್ನ ಕಾಕಾನನ್ನು ಏನೋ ಒಂದಕ್ಕಾಗಿ ಪೆಸ್ಟರ್ ಮಾಡುತ್ತಿದ್ದ. ನನ್ನಪ್ಪನದು ಪೇಟೆಯಲ್ಲಿ ಬೆಲ್ಲ-ಕಾಳಿನ ಅಂಗಡಿ. ನಾನೇ ಮೊದಲು ಕೈಯೆತ್ತಿದೆ.

"ನಮ್ಮ ಅಂಗಡ್ಯಾಗ ಐತ್ರಿ ಬಾಯಾರ. ಬೆಲ್ಲದ ಮ್ಯಾಲ ನೊಣ. ಎಷ್ಟ ಓಡಿಸಿದ್ರೂ ಮತ್ತ ಬರ್ತಾವ."

"ಬರ್ತಾವ, ಖರೆ. ಬಂದು ನಿಮ್ಮಪ್ಪಗ ಏನರ ಕೇಳ್ತಾವೇನು?"

"ಇಲ್ರಿ."

"ಹಂಗಾರ ಅದು ಬರೇ ಕಾಟ. ಪೆಸ್ಟರ್ ಮಾಡಾವ್ರಿಗೆ ಒಂದು 'ಬೇಕು' ಇರ್ತದ."

ಹಿಂದಿನಿಂದ, ಸಾಹೇಬರಿಗೆ 'ಗ್ರಂಬಲ್' ಹೇಳಿದ ಆ ಹುಡುಗನೇ ಎದ್ದ. "ನೊಣಕ್ಕ ಬೆಲ್ಲ ಬೇಕಲ್ರಿ ಬಾಯಾರ?"

ಅವರು ನಿಜವಾಗಿ ಯೋಚಿಸಿದರು. "ಬೇಕು. ಆದ್ರ ನೊಣ ಕೇಳಂಗಿಲ್ಲ, ತಿಂದು ಬಿಡ್ತದ. ನಿನ್ನಂಗ. ಕೂಡು."

ಇನ್ನೊಬ್ಬ ತನ್ನ ಆಯಿಯ ಹಲ್ಲುನೋವು ತಂದ. ಹಲ್ಲಿಗೆ ಏನು ಬೇಕು ಎಂದಾಗ, ಕೀಳಿಸಿಕೊಳ್ಳುವುದು ಬೇಕು ಎಂದ. "ಅದು ಆಯಿಗೆ ಬೇಕು, ಹಲ್ಲಿಗೆ ಇದ್ದಲ್ಲೇ ಇರೋದು ಬೇಕು," ಎಂದು ಅದನ್ನೂ ತಳ್ಳಿಹಾಕಿದರು.

ಆಗ ನನ್ನ ಪಕ್ಕದಲ್ಲಿದ್ದ ಮಾಳವ್ವ ಎದ್ದಳು. ಕರಜಗಿಯ ಕುರಿಗಾರರ ಮಗಳು. ಅಕ್ಕಲಕೋಟದಲ್ಲಿ ಚಿಗವ್ವನ ಮನೆಯಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಮಾತಾಡಿದ್ದು ಕಡಿಮೆ.

"ನಮ್ಮ ಮನ್ಯಾಗ ಐತ್ರಿ. ಬೀರಪ್ಪ ಕಾಡ್ತಾನ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ.

"ಸುಮ್ಮಕಿರ್ರಿ. ಹೇಳವಾ, ಹೆಂಗ ಕಾಡ್ತಾನ?"

"ಒಂದ ಮರಿ ಸಾಯ್ತೈತ್ರಿ. ಆಮ್ಯಾಲ ಕಂಬಳಿಗೆ ಕಿಡಿ ಹಾರಿ ಸುಡ್ತೈತಿ. ನಾಯಿ ತಪ್ಪಿಸ್ಕೊಂಡ ಹೋಗ್ತೈತಿ. ಒಂದೊಂದ ನೋಡಿದ್ರ ಏನೂ ಅಲ್ರಿ. ಆದ್ರ ಬಿಡಂಗಿಲ್ಲ. ಆವಾಗ ನಮ್ಮಪ್ಪ ತಿಳ್ಕೋತಾನ್ರಿ, ದೇವ್ರು ಏನೋ ಕೇಳಾಕತ್ತಾನ ಅಂತ."

"ತಿಳ್ಕೊಂಡು? ಓಡಿಸ್ತಾನೇನು?"

"ದೇವ್ರನ್ನ ಓಡ್ಸಾಕ ಬರ್ತೈತೇನ್ರಿ? ಭಂಡಾರ ಹಚ್ಚಿ, ಏನ ಬೇಕ ನಿನಗ ಅಂತ ಕೇಳ್ತಾರ್ರಿ. ಪೂಜಾರಿ ಮೈಯಾಗ ಬಂದ ಹೇಳ್ತಾನ. ಒಂದ ಸಲ ಕೇಳೂದು, ಅಂವ ಒಂದ ಸಲ ಬೇಡೂದು. ಕೊಟ್ಟೆ ಅಂದ ಮ್ಯಾಲ ಕಾಟ ನಿಂದರ್ತೈತ್ರಿ."

"ಕೊಡಂಗಿಲ್ಲ ಅಂದ್ರ?"

"ಕೇಳಿದ ಮ್ಯಾಲ ಹಂಗ ಅನ್ನಾಕ ಬರಂಗಿಲ್ರಿ."

ಬಾಯಿಯವರು ಖಡು ಕೆಳಗಿಟ್ಟರು. "ಸಿಕ್ತು. ಪೆಸ್ಟರ್ ಕರಜಗ್ಯಾಗ ಅದ." ಮಾಳವ್ವ ಕೂತಾಗ ಅವಳ ಕಿವಿ ಕೆಂಪಾಗಿದ್ದವು. ಅಂದಿನಿಂದ ಆ ಕ್ರಿಯಾಪದ ಅವಳದು. ನಾವು ಬಳಸಬೇಕಾದರೂ ಅವಳ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದೆವು.

ಮುಂದೆ ಧಾರವಾಡದಲ್ಲಿ ದೊಡ್ಡ ನಿಘಂಟು ತೆಗೆದು ನೋಡಿದೆ. ಬೇಡಿಕೆಯಿಟ್ಟು ಬಿಡದೆ ಪೀಡಿಸುವುದು ಎಂಬ ಅರ್ಥವಿತ್ತು. ಮೂಲದಲ್ಲಿ ಕುದುರೆಯ ಕಾಲಿಗೆ ಹಗ್ಗ ಕಟ್ಟುವ ಮಾತು ಅದು ಎಂದೂ ಇತ್ತು. ರಜೆಗೆ ಬಂದಾಗ ಉತ್ಸಾಹದಿಂದ ಬಾಯಿಯವರಿಗೆ ಹೇಳಿದೆ. "ಇರಬಹುದು. ಆದ್ರ ನಮ್ಮ ಕಡೆ ಕುದುರಿ ಯಾರ ಮನ್ಯಾಗ ಅದ?" ಎಂದರು.

ಆ ಮ್ಯಾಟ್ರಿಕ್ ವರ್ಷವೇ ದೀಪಾವಳಿ ರಜೆ ಮುಗಿದು ಶಾಲೆ ತೆರೆದಾಗ ಬೆಂಚಿನಲ್ಲಿ ನಾನೊಬ್ಬಳೇ. ದೀಪಾವಳಿ ದಾಟಿದರೆ ಕರಜಗಿಯ ಹಿಂಡುಗಳು ಹೊರಡುತ್ತವೆ. ಬೋರಿ, ಭೀಮಾ ದಂಡೆಯ ಎರೆಹೊಲಗಳಲ್ಲಿ ರೈತರು ಗೊಬ್ಬರಕ್ಕೆಂದು ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ಹಿಂಡನ್ನು ಹೊಲದಲ್ಲೇ ತಂಗಿಸಿಕೊಳ್ಳುತ್ತಾರೆ. ಊರಿಂದ ಊರಿಗೆ ನಡೆಯುತ್ತ ಹಿಂಡು ಮಳೆಯ ಹೊತ್ತಿಗೇ ಮರಳುವುದು. ಪ್ರತಿ ವರ್ಷ ಮಾಳವ್ವನನ್ನು ಬಿಟ್ಟು ಹೋಗುತ್ತಿದ್ದರು. ಆ ವರ್ಷ ಅವಳ ಅಣ್ಣ ಬೇರೆಯಾಗಿ ತನ್ನ ಪಾಲಿನ ಕುರಿ ಹೊಡೆದುಕೊಂಡು ಹೋಗಿದ್ದ. ಮರಿ ನೋಡಲು, ಒಲೆ ನೋಡಲು ಕೈ ಸಾಲದೆ ಅಪ್ಪ ಮಗಳನ್ನು ಕರೆದುಕೊಂಡು ಹೋದ. ಮಾರ್ಚಿನಲ್ಲಿ ಮ್ಯಾಟ್ರಿಕ್ ಪರೀಕ್ಷೆ.

"ಜಾವೂ ದ್ಯಾ ಬಾಯಿ," ಎಂದರು ಹೆಡ್‌ಮಾಸ್ತರರು. ಹೋಗಲಿ ಬಿಡಿ ಎಂದು.

"ಶಬ್ದ ನಮ್ಮ ಕಡೆ ಇಟ್ಟು ಮಾಲಕಿ ಹೋಗ್ಯಾಳ. ಬಿಡಲಿಕ್ಕೆ ಹೆಂಗ ಬರ್ತದ್ರಿ?" ಎಂದರಂತೆ ಬಾಯಿಯವರು. ಇದು ಕೇಳಿದ ಮಾತು.

ಯಾವ ಹಿಂಡು ಯಾವ ಊರಿನ ಹೊಲದಲ್ಲಿ ಇಳಿದಿದೆ ಎನ್ನುವುದು ಎಸ್.ಟಿ. ಕಂಡಕ್ಟರರಿಗೆ ಗೊತ್ತಿರುತ್ತದೆ, ರಸ್ತೆ ದಾಟುವ ಕುರಿಗಳಿಗಾಗಿ ಬಸ್ಸು ನಿಲ್ಲಿಸುವವರು ಅವರೇ ತಾನೆ. ಬಾಯಿಯವರು ಅವರನ್ನು ವಿಚಾರಿಸಿಕೊಂಡು ಐತವಾರ ಹೊರಡತೊಡಗಿದರು. ಹಟ್ಟಿಯ ಹತ್ತಿರ ಇಳಿಯುವುದು, ಛತ್ರಿ ಬಿಚ್ಚಿ ಹೊಲದ ಬದುವಿನ ಮೇಲೆ ಕೂಡುವುದು, ಬುತ್ತಿ ಬಿಚ್ಚಿ ತಿನ್ನುವುದು, ಸಂಜೆಯ ಬಸ್ಸಿಗೆ ಮರಳುವುದು. ಹುಡುಗಿಯನ್ನು ಕಳಿಸು ಎಂದು ಒಮ್ಮೆಯೂ ಕೇಳಲಿಲ್ಲವಂತೆ. ಮುಂದಿನ ಐತವಾರ ಹಿಂಡು ಇನ್ನೊಂದು ಊರಿನಲ್ಲಿ. ಅಲ್ಲಿಗೂ ಛತ್ರಿ ಬರುತ್ತಿತ್ತು.

ಕೊನೆಯ ಐತವಾರ ನನ್ನನ್ನೂ ಜೊತೆಗೆ ಕರೆದುಕೊಂಡರು. ಇದು ಕಂಡದ್ದು. ಬಸ್ಸಿನಲ್ಲಿ ನಾನು, "ಅವ್ರಿಗೆ ತ್ರಾಸ ಆಗಂಗಿಲ್ಲೇನ್ರಿ ಬಾಯಾರ?" ಎಂದು ಕೇಳಿದೆ.

"ತ್ರಾಸ ಕೊಡ್ಲಿಕ್ಕೇ ಹೊಂಟೀವಿ. ನೊಣ ಆಗಬಾರದು, ಅಷ್ಟೇ."

ಹಟ್ಟಿಯಲ್ಲಿ ಮಾಳವ್ವ ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕಣ್ಣು ಮಾತ್ರ ಅರಳಿದವು. ಅವಳ ಅವ್ವ ಒಲೆಯ ಹತ್ತಿರ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ನಮ್ಮ ಕಡೆ ನೋಡದೆ ತನ್ನ ನಾಯಿಗೆ ಹೇಳಿದ:

"ಏನಲೇ, ಈ ಬಾಯಾರ್ಗ ಸೂಟಿ ದಿನ ಮಲಗಾಕ ಮನಿ ಇಲ್ಲೇನ?"

ಬಾಯಿಯವರು ಛತ್ರಿ ಬಿಚ್ಚುತ್ತ ಅದೇ ನಾಯಿಗೆ ಉತ್ತರಿಸಿದರು. "ಮನಿ ಅದ ಅಂತ ಹೇಳು. ನಿದ್ದಿ ಬರವಲ್ದು ಅಂತ ಹೇಳು."

ಒಲೆಯ ಕಡೆಯಿಂದ ಸಣ್ಣ ನಗು ಕೇಳಿತು. ಅಪ್ಪ ನಗಲಿಲ್ಲ. ನಮ್ಮ ಕಡೆ ತಿರುಗಿ ನೇರವಾಗಿ ಮಾತಾಡಿದ. "ನೀವು ಬರಾಕತ್ತಿದ ಮ್ಯಾಲ ಮರಿ ಸತ್ತಾವ್ರಿ ಬಾಯಾರ. ಹೊಲದ ಗೌಡ್ರು ನಡಬರಕ ಹಿಂಡ ಎಬ್ಬಿಸ್ರಿ ಅಂದ್ರು. ಹುಡಿಗಿ ಮಾತ ಬಿಟ್ಟಾಳ, ಹಾಲ ಇಟ್ರ ಉಕ್ಕಸ್ತಾಳ. ಒಂದೊಂದ ನೋಡಿದ್ರ ಏನೂ ಅಲ್ಲ."

ಆ ಕೊನೆಯ ಮಾತು ಕೇಳಿ ನಾನು ಮಾಳವ್ವನ ಕಡೆ ನೋಡಿದೆ. ತರಗತಿಯಲ್ಲಿ ಅವಳು ಆಡಿದ ಮಾತೇ. ಅವಳು ಮರಿಯ ಕಿವಿ ಸವರುತ್ತಿದ್ದಳು.

ಬೇವಿನ ಮರದ ಬುಡದಲ್ಲಿ ಒಂದು ಕಲ್ಲಿತ್ತು. ಹಿಂಡು ಇಳಿದ ಕಡೆಯಲ್ಲೆಲ್ಲ ಹೀಗೆ ಒಂದು ಕಲ್ಲು ಬೀರಪ್ಪನಾಗುತ್ತದೆ. ಅಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದು ಕಲ್ಲಿಗೆ ಹಚ್ಚಿದ. ಹೆಂಗಸರು ಹಿಂದೆ ಸರಿದರು. ಉಳಿದ ಅರಿಶಿನದ ಪುಡಿಯನ್ನು ಹಿಡಿದು ಬಂದು, ಬಾಯಿಯವರನ್ನು ಮುಟ್ಟದೆ, ಅವರ ಛತ್ರಿಯ ಮೇಲೆ ಹಾರಿಸಿದ. ಕರಿ ಬಟ್ಟೆ ಹಳದಿಯಾಯಿತು.

"ಹೇಳು," ಎಂದ. "ಏನ ಬೇಕ ನಿನಗ?"

ಆವರೆಗೆ 'ರೀ' ಎನ್ನುತ್ತಿದ್ದವನು ಏಕವಚನಕ್ಕೆ ಇಳಿದಿದ್ದ. ಇಳಿದಿದ್ದ ಎನ್ನಬಾರದು. ದೇವರನ್ನು ಯಾರೂ 'ರೀ' ಎನ್ನುವುದಿಲ್ಲ. ಬಾಯಿಯವರಿಗೆ ಅದು ತಿಳಿಯಿತು. ಅವರು ಎದ್ದು ನಿಂತರು. ಮಾತಿಗೆ ಎಂದೂ ತಡವರಿಸದ ಆಕೆ ಅಂದು ತಡವರಿಸಿ ಅವಸರದಲ್ಲಿ ಬೇಡಿದ್ದನ್ನು ನೋಡಿದೆ.

"ಮಾಳವ್ವ ನನಗ ಬೇಕು. ಮ್ಯಾಟ್ರಿಕ್ ಪರೀಕ್ಷಾ ತನಕ."

"ಪರೀಕ್ಷಾ ತನಕ?"

"ಹೌದು."

"ಕೊಟ್ಟೆ."

ಮಾಳವ್ವ ಮರಿಯನ್ನು ಅವ್ವನ ಮಡಿಲಿಗೆ ದಾಟಿಸಿ ಅಂದಿನ ಸಂಜೆಯ ಬಸ್ಸಿಗೇ ನಮ್ಮ ಜೊತೆ ಹತ್ತಿದಳು. ಅವ್ವ ಮರಿಯನ್ನು ತೆಗೆದುಕೊಳ್ಳುತ್ತ ಏನೋ ಅಂದಳು, ನಮ್ಮಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ನಾವು ಹುಡುಗಿಯರಿಬ್ಬರೂ ಹಿಗ್ಗಿ ಕೂತಿದ್ದರೆ ಬಾಯಿಯವರು ಛತ್ರಿಯ ಅರಿಶಿನ ನೋಡುತ್ತ, "ನಾ ಕಡಿಮಿ ಬೇಡಿದ್ನೋ ಏನೋ," ಎಂದರು. ನಿಜಕ್ಕೂ ಎಂದರೇ? ನನಗೆ ಹಾಗೆ ನೆನಪು. ಮುಂದೆ ನಡೆದದ್ದನ್ನು ತಿಳಿದು ನಾನೇ ಈ ಮಾತನ್ನು ಅಲ್ಲಿ ಸೇರಿಸಿದೆನೋ ಎಂಬ ಸಂಶಯ ಬಹಳ ವರ್ಷ ನನ್ನನ್ನು ಬಿಡಲಿಲ್ಲ.

ಮಾಳವ್ವ ಪರೀಕ್ಷೆಗೆ ಕೂತಳು. ಉಳಿದೆಲ್ಲದರಲ್ಲಿ ಪಾಸಾದಳು. ನಪಾಸಾದದ್ದು ಇಂಗ್ಲಿಷಿನಲ್ಲಿ.

ಊರು ನಕ್ಕಿತು. ಬಾಯಿಯವರು ಮೊದಲು, "ಪೇಪರ್ ತಪಾಸಿದವ್ರಿಗೆ ಕರಜಗಿ ಎಲ್ಲೆ ಅದ ಅಂತ ಗೊತ್ತಿಲ್ಲ," ಎಂದು ಸಿಡುಕಿದರು. ಎರಡು ದಿನ ಬಿಟ್ಟು ಅವರೇ ನನ್ನೆದುರು ಬೇರೆ ಮಾತಾಡಿದರು. "ಅವ್ರ ತಪ್ಪಲ್ಲ. ನಾ ನಿಮಗ ಮನಿ ತೋರಿಸಿದೆ. ಆ ಮನಿಯಿಂದ ಪರೀಕ್ಷಾ ಕೋಣಿಗೆ ಹೋಗೋ ದಾರಿ ತೋರಿಸ್ಲಿಲ್ಲ. ನೀನು ಅಂಗಡ್ಯಾಗ ಬೆಳದಾಕಿ, ದಾರಿ ಹೆಂಗೋ ಹುಡುಕಿಕೊಂಡಿ." ಆಕೆಯ ಮೇಲೆ ನನ್ನ ಗೌರವ ಬಲಿತದ್ದು ಭಂಡಾರ ಹಾರಿದ ದಿನವಲ್ಲ, ಈ ದಿನ.

ಮರುಪರೀಕ್ಷೆ ಅಕ್ಟೋಬರಿನಲ್ಲಿ. ಹಿಂಡು ಮಳೆಗೆಂದು ಕರಜಗಿಗೆ ಮರಳಿತ್ತು, ಮಾಳವ್ವನೂ. ಬಾಯಿಯವರು ಕರಜಗಿಗೆ ಹೋದರು. ನಾನಿರಲಿಲ್ಲ. ಬಾಯಿಯವರು ಹೇಳಿದ್ದು ಮತ್ತು ಮಾಳವ್ವ ಹೇಳಿದ್ದು, ಎರಡನ್ನೂ ಜೋಡಿಸಿ ಬರೆಯುತ್ತಿದ್ದೇನೆ. ತಾನು ಸುಮ್ಮನೆ ಕೂತಿದ್ದೆ ಎನ್ನುವರು ಬಾಯಿಯವರು. ಬಾಯಾರು ಬಾಯಿ ಮುಚ್ಚಲೇ ಇಲ್ಲ ಎನ್ನುತ್ತಾಳೆ ಮಾಳವ್ವ. ಅಷ್ಟು ಬಿಟ್ಟರೆ ಉಳಿದದ್ದು ಹೊಂದುತ್ತದೆ.

ಅಪ್ಪ ಕೆಟ್ಟವನಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವನು ಕೊಟ್ಟ ಮಾತನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಸಿದ್ದ. ಮಗಳಿಲ್ಲದೆ ಆ ಸುಗ್ಗಿ ಕಳೆದಿದ್ದ. ಈಗ ಮಳೆಯಲ್ಲಿ ಹೊಸ್ತಿಲ ಹೊರಗೆ ಛತ್ರಿ ಹಿಡಿದು ಕೂತವರನ್ನು ನೋಡಿ ಅವನಿಗೆ ನಿಜವಾದ ಸಂಕಟ.

"ನೀ ಬೇಡಿದ್ದು ಪರೀಕ್ಷಾ ತನಕ. ಕೊಟ್ಟೀನಿ. ಮುಗೀತು. ದೇವ್ರು ಒಂದಕ್ಕ ಎರಡ ಸಲ ಬೇಡಂಗಿಲ್ಲವಾ."

"ನಾ ದೇವ್ರಲ್ಲ ಅಣ್ಣಾ, ಸಾಲಿ ಕಲಿಸಾಕಿ. ನಮ್ಮಲ್ಲೆ ಮರುಪರೀಕ್ಷಾ ಅದ."

"ನಮ್ಮಲ್ಲೆ ಇಲ್ಲ."

ಅದು ವಾದವಲ್ಲ, ಆ ಮನೆಯ ಕಟ್ಟಳೆ. ಕೊಟ್ಟದ್ದನ್ನು ಮತ್ತೆ ಬಿಚ್ಚಿದರೆ ಕೊಡುವುದಕ್ಕೆ ಬೆಲೆಯೇನು? ಬಾಯಿಯವರಿಗೂ ಅದು ಅರ್ಥವಾಯಿತು. ತಾವು ಬೇಡಿದ್ದೇ ಕಡಿಮೆ. ಯಾವ ಶಬ್ದ ಎಲ್ಲಿಯವರೆಗೆ ಹೋಗುತ್ತದೆ ಎಂದು ನಮಗೆ ಕಲಿಸಿದವರು, ತಮ್ಮ ಪಾಳಿ ಬಂದಾಗ ಕಣ್ಣಿಗೆ ಕಂಡಷ್ಟೇ ದೂರದ್ದನ್ನು ಬೇಡಿದ್ದರು. ಮಾಳವ್ವ ಒಳಗೆ ಕಂಬಕ್ಕೊರಗಿ ನಿಂತಿದ್ದಳು. ಸೋದರಮಾವನ ಮನೆಯವರು ಸಂಬಂಧದ ಮಾತಿಗೆ ಬರುವವರಿದ್ದರು.

ಆಗ ಅವಳ ಅವ್ವ, ಉಣ್ಣೆ ನೂಲುತ್ತ ಕೂತಿದ್ದವಳು, ಕದಿರು ನಿಲ್ಲಿಸಿದಳು.

"ಬಾಯಿ, ಆವತ್ತ ನೀ ಯಾರ್ಗ ಬೇಡಿದಿ?"

"ನಿಮ್ಮ ಯಜಮಾನ್ರಿಗೆ."

"ಹುಡಿಗಿ ಅವನೊಬ್ಬನ್ದೇನ? ಕಲ್ಲಿನ ಮುಂದ ನೀನೂ ಅಂವನೂ ನಿಂತ್ರಿ, ಕೇಳಿದ್ರಿ, ಕೊಟ್ರಿ. ಮರಿ ನನ್ನ ಉಡ್ಯಾಗ ಹಾಕಿ ಹೋದ್ರಿ. ಆವತ್ತೂ ಅಂದೆ, ನನಗ ಯಾರ ಕೇಳ್ಯಾರ ಅಂತ. ಯಾರ್ಗೂ ಕೇಳಿಸ್ಲಿಲ್ಲ. ಅಂವ ಕೊಟ್ಟದ್ದು ಮುಗದೈತಿ. ನಾ ಕೊಡೂದು ಇನ್ನೂ ಹಂಗ ಐತಿ."

ಬಾಯಿಯವರು ಛತ್ರಿ ಮಡಚಿ, ಮಳೆಯಲ್ಲಿ ತೊಯ್ದುಕೊಂಡೇ ಒಳಗೆ ಬಂದು ಅವಳ ಪಕ್ಕ ನೆಲಕ್ಕೆ ಕೂತರು. "ಖರೆ ತಂಗೀ. ನಿನಗ ಕೇಳಬೇಕಿತ್ತು. ಈಗ ಕೇಳ್ತೀನಿ. ಮಾಳವ್ವ ನನಗ ಬೇಕು."

"ಎಲ್ಲೀ ತನಕ?"

ಈ ಸಲ ಬಾಯಿಯವರು ಅವಸರ ಮಾಡಲಿಲ್ಲ. ಕಂಬದ ಕಡೆ ಒಮ್ಮೆ ನೋಡಿದರು.

"ಆಕಿ ಸಾಕು ಅನ್ನೋ ತನಕ."

"ಕೊಟ್ಟೆ," ಎಂದು ಅವ್ವ ಮತ್ತೆ ಕದಿರು ತಿರುವಿದಳು.

ಅಪ್ಪ ಕಂಬಳಿ ಹೊದ್ದು ಮಳೆಗೇ ಹೊರಗೆ ನಡೆದ. ಹೋಗುತ್ತ ನಾಯಿಗೆ, "ನಡೀಲೇ, ಮನ್ಯಾಗ ಇಬ್ರು ದೇವ್ರಾದ್ರು," ಎಂದನಂತೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಡುಗಡೆಯಿತ್ತು ಎನ್ನುತ್ತಾಳೆ ಮಾಳವ್ವ. ಮಗಳ ಮಾತು, ಅಪ್ಪನ ಪರವಾಗಿಯೇ ಇರುತ್ತದೆ. ನಾನು ನಂಬುತ್ತೇನೆ.

ಅಕ್ಟೋಬರಿನಲ್ಲಿ ಮಾಳವ್ವ ಪಾಸಾದಳು. ಟ್ರೇನಿಂಗ್ ಮುಗಿಸಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾದಳು. ಆ ತನಕ ಅವರ ಕುಲದ ಹೆಣ್ಣುಮಗಳೊಬ್ಬಳು ಖಡು ಹಿಡಿದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಕಡೆಯ ಪ್ರಸಂಗ ಬಾಯಿಯವರ ಬೀಳ್ಕೊಡುಗೆಯದು. ಅದಾಗಿ ಎಷ್ಟೋ ವರ್ಷಗಳ ಮೇಲೆ, ದೀಪಾವಳಿ ಮುಗಿದ ಮೇಲಿನ ಒಂದು ಐತವಾರ. ನಾನು ಅದಕ್ಕೆಂದೇ ಊರಿಗೆ ಬಂದಿದ್ದೆ. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೇಜಿನ ಮೇಲೆ ಹಾರ, ಶಾಲು, ತೆಂಗಿನಕಾಯಿ. ಹೆಡ್‌ಮಾಸ್ತರರು ಮರಾಠಿಯಲ್ಲಿ ಬಹಳ ಚೆನ್ನಾಗಿ, ಬಹಳ ಹೊತ್ತು ಮಾತಾಡುತ್ತಿದ್ದರು. ಬಾಯಿಯವರ ಕಣ್ಣು ಮಾತ್ರ ಜನರ ನಡುವೆ ಹುಡುಕುತ್ತಿತ್ತು. ಅಷ್ಟರಲ್ಲಿ ಮಾಳವ್ವನ ಅವ್ವ ತೋಳಿನ ಮೇಲೆ ಹೊಸ ಕಂಬಳಿ ಹಾಕಿಕೊಂಡು, ಭಾಷಣವನ್ನು ಲೆಕ್ಕಿಸದೆ ನಡುದಾರಿಯಲ್ಲೇ ನಡೆದು ಬಂದಳು. ಕಂಬಳಿಯನ್ನು ಬಾಯಿಯವರ ಹೆಗಲಿಗೆ ಹಾಕಿದಳು.

"ಮಾಳವ್ವ ಎಲ್ಲೆ?" ಎಂದರು ಬಾಯಿಯವರು. ನಾನು ಮುಂದಿನ ಸಾಲಿನಲ್ಲೇ ಇದ್ದೆ. ಇಲ್ಲಿಂದ ಮುಂದಿನದು ಪೂರ್ತಿ ಕಂಡದ್ದು, ಕೇಳಿದ್ದು.

"ಆಕಿ ಬರಂಗಿಲ್ಲವಾ. ಬೋರಿ ದಂಡ್ಯಾಗ ಒಂದ ಹಿಂಡ ಇಳದೈತಿ. ಆ ಕುರಿಗಾರನ ಮಗಳು ಈಕಿ ಸಾಲ್ಯಾಗ ಓದಾಕಿ, ಬಿಡಿಸ್ಕೊಂಡ ಹೋಗ್ಯಾನ. ಮಾಳವ್ವ ಐತವಾರಕ್ಕೊಮ್ಮೆ ಹೋಗಿ ಬದುವಿನ ಮ್ಯಾಲ ಕೂಡಾಕತ್ತಾಳ. ಇವತ್ತೂ ಅಲ್ಲೇ. ಬಾಯಾರ್ಗ ಹೇಳು, ಅವ್ರಿಗೆ ತಿಳೀತೈತಿ ಅಂದ್ಲು."

ಹೆಡ್‌ಮಾಸ್ತರರು ಮಾತು ನಿಲ್ಲಿಸಿ ನೋಡುತ್ತಿದ್ದರು. ಬಾಯಿಯವರ ಮುಖದಲ್ಲಿ ಆಗ ಕಂಡ ಹೆಮ್ಮೆಯನ್ನು ನಾನು ಆಮೇಲೆ ಯಾವ ಗುರುವಿನ ಮುಖದಲ್ಲೂ ಕಂಡಿಲ್ಲ.

"ಏನಂತಾನ ಆ ಅಪ್ಪ?"

"ಏನೂ ಅನ್ನಂಗಿಲ್ಲಂತ. ನಾಯಿ ಜೋಡಿ ಮಾತಾಡ್ತಾನಂತ."

ಬಾಯಿಯವರು ಥಟ್ಟನೆ ಎದ್ದರು. ಕುರ್ಚಿಯ ಬೆನ್ನಿಗೆ ತೂಗಿದ್ದ ಛತ್ರಿ ತೆಗೆದುಕೊಂಡರು. "ಸಂಜೀ ಅನ್ನೂದ್ರಾಗ ಕೇಳ್ತಾನ ಅಂವ. ನಡಿ ತಂಗೀ, ಎಸ್.ಟಿ. ಸಿಗ್ತದ."

"ಬಾಯಿ, ಹಾರ!" ಎಂದರು ಹೆಡ್‌ಮಾಸ್ತರರು, ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

"ಭಾಷಣ ಮುಂದುವರಿಸ್ರಿ ಸಾಹೇಬ್ರ. ನನ್ನ ಹೊಗಳಲಿಕ್ಕೆ ನಾ ಯಾಕ ಬೇಕು?"

ನಾನು ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಓಡಿದೆ. ಬಸ್ಸು ಆಗಲೇ ಅಲುಗಿತ್ತು. ಕಂಡಕ್ಟರ್ ಆಕೆಯನ್ನು ಕಂಡು "ಹೋಲ್ಡಾನ್!" ಎಂದು ಕೂಗಿ ಹಗ್ಗ ಜಗ್ಗಿದ. ಮೊದಲು ಮಾಳವ್ವನ ಅವ್ವ ಹತ್ತಿದಳು, ಆಮೇಲೆ ಕಂಬಳಿ ಹೊದ್ದ ಬಾಯಿಯವರು.

"ಇವತ್ತ ಹೋಗದಿದ್ರ ಏನಾಗ್ತಿತ್ರಿ ಬಾಯಾರ? ಮಾಳವ್ವ ಅದಾಳಲ್ಲ ಅಲ್ಲೆ," ಎಂದೆ ಕೆಳಗಿನಿಂದ, ಏದುಸಿರು ಬಿಡುತ್ತ.

ಅವರು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದರು. ಅಂದು ಬಸ್ಸಿನಲ್ಲಿ ಕೇಳಿದ ಆ ಹಳೆಯ ಮಾತನ್ನು ನಾನು ಕಟ್ಟಿಕೊಂಡದ್ದಲ್ಲ ಎಂದು ನನಗೆ ಖಾತ್ರಿಯಾದದ್ದು ಆಗ.

"ಅದಾಳ. ಆದ್ರ ಸಣ್ಣಾಕಿ," ಎಂದರು. "ಎಲ್ಲ್ಯರ ಕಡಿಮಿ ಬೇಡಿಬಿಟ್ಟಾಳು."